ಗೆದ್ದ ಮೇಲೆ ಬಿಟ್ಟುಕೊಡುವವರು

ವಿಜಯಪುರ ಜಿಲ್ಲೆಯ ಹೊರ್ತಿ, ಇಂಡಿ, ಸಿಂದಗಿ ಸೀಮೆಯಲ್ಲಿ ದೊಡ್ಡಾಟ ಕಲಿಯುವಾಗ ಖಳನ ಪಾತ್ರಕ್ಕೆ ಯಾರನ್ನೋ ಹಾಕಿ ಕೈತೊಳೆದುಕೊಳ್ಳುವ ರೂಢಿಯಿಲ್ಲ. ರಾವಣನೋ ಕೌರವನೋ ಆಗುವವನಿಗೆ ಗಂಟಲಿರಬೇಕು, ಮೈಕಟ್ಟಿರಬೇಕು, ಕಿರೀಟ ಭುಜಕೀರ್ತಿಗಳ ಭಾರ ಹೊತ್ತು ನಸುಕಿನ ತನಕ ಕುಣಿಯುವ ಕಸುವಿರಬೇಕು. ಅವನು ರಂಗಕ್ಕೆ ಬಂದೊಡನೆ ಆಟ ನಡೆಸಿಕೊಡುವ ಸಾರಥಿ ಕೈಮುಗಿದು ಹೆಸರು, ಬಿರುದು ವಿಚಾರಿಸುತ್ತಾನೆ. ಆತ ತನ್ನ ಕುಲ, ಬಲ, ಪರಾಕ್ರಮಗಳನ್ನು ಗತ್ತಿನಿಂದ ಸಾರುತ್ತಾನೆ. ಬೆಳಗಾಗುವುದರೊಳಗೆ ಸಾಯಲಿರುವವನಿಗೆ ಇಷ್ಟು ಮರ್ಯಾದೆ ಏಕೆ?

ಎತ್ತರಕ್ಕೆ ಏರದವನು ಬೀಳಲಾರ ಎಂಬುದು ಸುಲಭದ ಉತ್ತರ. ಅದಕ್ಕೊಂದು ಆಕ್ಷೇಪವೂ ಇದೆ. ಖಳನ ಹಿರಿಮೆಯನ್ನು ಹಾಡುತ್ತ ಹೋದರೆ ಅವನ ಅನ್ಯಾಯ ಹಗುರಾಗುವುದಿಲ್ಲವೇ? ಇಂದಿನ ಸಿನಿಮಾಗಳಲ್ಲಿ ಕೇಡಿಗನಿಗೊಂದು ನೋವಿನ ಬಾಲ್ಯ ಕೊಟ್ಟು ಎಲ್ಲವನ್ನೂ ಮನ್ನಿಸಿಬಿಡುವುದನ್ನು ಕಂಡರೆ ಈ ಅಂಜಿಕೆ ಸುಳ್ಳಲ್ಲ ಎನಿಸುತ್ತದೆ.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎದುರಿಸಿದವನು ಇದೇ ಜಿಲ್ಲೆಯ ನಂಟಿದ್ದ ಕವಿ. ‘ಅಭಿನವ ಪಂಪ’ನೆಂದು ಹೆಸರಾದ ನಾಗಚಂದ್ರ ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿದನೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಕ್ರಿ.ಶ. 1100ರ ಆಸುಪಾಸಿನಲ್ಲಿ ಅವನು ಬರೆದ ‘ರಾಮಚಂದ್ರಚರಿತ ಪುರಾಣ’ದ ರಾವಣ ರಾಕ್ಷಸನಲ್ಲ, ಆಕಾಶದಲ್ಲಿ ಸಂಚರಿಸುವ, ವಿದ್ಯೆಗಳನ್ನು ವಶಪಡಿಸಿಕೊಂಡ ವಿದ್ಯಾಧರ ಚಕ್ರವರ್ತಿ. ಒಲ್ಲದ ಪರಹೆಣ್ಣನ್ನು ಮುಟ್ಟೆನೆಂದು ವ್ರತ ತೊಟ್ಟವನು. ತಾನಾಗಿ ಒಲಿದುಬಂದ ನಳಕೂಬರನ ಹೆಂಡತಿ ಉಪರಂಭೆಗೂ ಬುದ್ಧಿ ಹೇಳಿ ಕಳಿಸಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ.

ಕಾವ್ಯದ ತಿರುಳು ಇರುವುದು ಆ ಜಾರುವಿಕೆಗಿಂತ ಮುಂದಿನ ಘಟ್ಟದಲ್ಲಿ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡ ರಾವಣ ಸೀತೆಯ ಎದುರು ನಿಂತು ಹೆದರಿಸುತ್ತಾನೆ. ರಾಮನಿಗೇನಾಗುವುದೋ ಎಂಬ ದಿಗಿಲಿಗೆ ಅವಳು ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡ ಗಳಿಗೆಯಲ್ಲೇ ಅವನ ಮನಸ್ಸು ತಿಳಿಯಾಗುತ್ತದೆ. ಒಲಿದ ಇಬ್ಬರನ್ನು ಅಗಲಿಸಿದೆನೆಂದು ಮರುಗುತ್ತಾನೆ, ಸೀತೆಯನ್ನು ಒಪ್ಪಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಅಲ್ಲ. ಈಗ ಒಪ್ಪಿಸಿದರೆ ಅಂಜಿ ಕೊಟ್ಟನೆಂದು ಲೋಕ ಆಡಿಕೊಳ್ಳುತ್ತದೆ. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಕೊಡುತ್ತೇನೆ ಎನ್ನುತ್ತಾನೆ. ಆ ಯುದ್ಧದಲ್ಲಿ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಈ ರಾವಣನಲ್ಲಿ ಕವಿ, ವಿಮರ್ಶಕ ಬಿ.ಎಂ.ಶ್ರೀ ದುರಂತ ನಾಯಕನನ್ನು ಕಂಡದ್ದು ಸಹಜವೇ.

ಮರುಕ ಪಡೋಣ, ಆದರೆ ಲೆಕ್ಕ ಮರೆಯಬಾರದು. ರಾವಣ ತನ್ನ ಮಾನದ ಬಗ್ಗೆ ಯೋಚಿಸುವಷ್ಟು ಹೊತ್ತೂ ಸೀತೆ ಸೆರೆಯಲ್ಲೇ ಇದ್ದಾಳೆ. ಎರಡೂ ಕಡೆಯ ಸೈನಿಕರು ಸಾಯುತ್ತಿದ್ದಾರೆ. ಅವಳನ್ನು ಕದ್ದಾಗ ಮೋಹ ಕಣ್ಣು ಕಟ್ಟಿತ್ತು ಎನ್ನಬಹುದು. ತಪ್ಪು ಗೊತ್ತಾದ ಮೇಲೂ ಇಟ್ಟುಕೊಂಡದ್ದಕ್ಕೆ ಆ ನೆಪವೂ ಇಲ್ಲ. ನನ್ನ ಪ್ರಕಾರ ಅವನ ಎರಡನೆಯ ತಪ್ಪೇ ಮೊದಲನೆಯದಕ್ಕಿಂತ ದೊಡ್ಡದು.

ಇಂಗ್ಲಿಷ್ ಲೇಖಕ ಟೋಲ್ಕಿನ್ ಕಟ್ಟಿದ ಕಾಲ್ಪನಿಕ ಪುರಾಣದಲ್ಲೂ ಇಂಥದೇ ಒಂದು ಪ್ರಸಂಗವಿದೆ. 1977ರಲ್ಲಿ, ಅವನು ತೀರಿಕೊಂಡ ಮೇಲೆ ಅಚ್ಚಾದ ‘ದ ಸಿಲ್ಮರಿಲಿಯನ್’ನಲ್ಲಿ ದೇವಸಮಾನರಲ್ಲೇ ಬಲಿಷ್ಠನಾದ ಮೆಲ್ಕೋರ್ ಕೆಟ್ಟು, ಸೋತು, ಶೂನ್ಯಕ್ಕೆ ತಳ್ಳಲ್ಪಡುತ್ತಾನೆ. ಅವನ ಬಂಟ ಸೌರಾನ್ ವಿಜಯಿಗಳ ದೂತನ ಮುಂದೆ ತಲೆಬಾಗುತ್ತಾನೆ. ಕ್ಷಮಿಸುವ ಅಧಿಕಾರ ತನಗಿಲ್ಲ, ದೇವಲೋಕಕ್ಕೆ ಹೋಗಿ ತೀರ್ಪು ಕೇಳು ಎಂದು ದೂತ ಹೇಳುತ್ತಾನೆ. ಬಹುಕಾಲ ಆಳಾಗಿ ದುಡಿದು ನಂಬಿಕೆ ಗಳಿಸಬೇಕಾದ ಅವಮಾನಕ್ಕೆ ಹಿಂಜರಿದು ಸೌರಾನ್ ತಲೆಮರೆಸಿಕೊಳ್ಳುತ್ತಾನೆ. ಮುಂದಿನ ಯುಗಗಳ ಕೇಡೆಲ್ಲ ಅಲ್ಲಿಂದ ಚಿಗುರುತ್ತದೆ. ರಾವಣನಿಗೆ ಪಶ್ಚಾತ್ತಾಪವಾಯಿತು, ಸೌರಾನ್‌ಗೂ ಆಗಿದ್ದಿರಬಹುದು, ನಾಲ್ಕು ಜನರೆದುರು ತಗ್ಗುವುದು ಮಾತ್ರ ಇಬ್ಬರಿಗೂ ಆಗಲಿಲ್ಲ.

ಹಾಗಾಗಿ ಖಳನಿಗೆ ಹಿರಿಮೆ ಬೇಕೇ ಬೇಕು, ಮಾಫಿ ಕೊಡುವುದಕ್ಕಲ್ಲ. ಬರೀ ದುಷ್ಟನನ್ನು ನೋಡಿ ‘ನಾನು ಇವನಲ್ಲ’ ಎಂದು ಎದ್ದುಹೋಗಬಹುದು. ವ್ರತವಿದ್ದವನು, ತಿಳಿದವನು, ಮರುಗಿದವನು ಬಿದ್ದಾಗ ಹಾಗೆ ತಪ್ಪಿಸಿಕೊಳ್ಳಲಾಗದು. ಹೊಲದ ಬದು ಒತ್ತಿದ್ದು ತಾನೇ ಎಂದು ಗೊತ್ತಿದ್ದೂ, ಕೋರ್ಟಿನಲ್ಲಿ ಗೆದ್ದು ಆಮೇಲೆ ಬಿಟ್ಟುಕೊಡುತ್ತೇನೆ ಎನ್ನುವ ಅಣ್ಣತಮ್ಮಂದಿರು ಯಾವ ಊರಲ್ಲಿಲ್ಲ?

ಜೈನ ಪರಂಪರೆ ರಾವಣನನ್ನು ನರಕಕ್ಕೆ ಕಳಿಸುತ್ತದೆ. ಮುಂದೊಂದು ಜನ್ಮದಲ್ಲಿ ಅವನೇ ತೀರ್ಥಂಕರನಾಗುವನೆಂದೂ ಹೇಳುತ್ತದೆ. ಶಿಕ್ಷೆಯಲ್ಲಿ ರಿಯಾಯಿತಿಯಿಲ್ಲ, ಬಾಗಿಲನ್ನೂ ಮುಚ್ಚಿಲ್ಲ. ಬಿದ್ದ ದೊಡ್ಡವರನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ಅಳತೆ ನನಗೆ ಕಾಣುವುದಿಲ್ಲ.