ಕೆರೆಯೇರಿಯ ಮೇಲೆ ಕಲಾವಿದರು

ಕಳೆದ ಬೇಸಗೆಯ ರಜೆಯಲ್ಲಿ ನಮ್ಮೂರಿಗೆ ಬೆಂಗಳೂರಿನಿಂದ ಐದು ಮಂದಿ ಕಲಾವಿದರು ಬಂದು, ಶಾಲೆಯ ಎರಡು ಕೊಠಡಿಗಳಲ್ಲಿ ಮೂರು ವಾರ ಬಿಡಾರ ಮಾಡಿದ್ದರು. ಈ ಬಗೆಯ ವಾಸಕ್ಕೆ 'ರೆಸಿಡೆನ್ಸಿ' ಎಂದು ಹೆಸರಂತೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯನ್ನು ಬಸ್ಸಿನಲ್ಲಿ ಕುಳಿತು ನೋಡಿದ್ದ ನಮ್ಮ ಚಿಕ್ಕಪ್ಪ, ಅದು ಹಿಂದೆ ಆಂಗ್ಲ ದೊರೆಗಳಿದ್ದ ಬಂಗಲೆಯ ಹೆಸರಲ್ಲವೇ, ಇವರೇಕೆ ಅದನ್ನು ನಮ್ಮ ಶಾಲೆಗೆ ತಂದರು ಎಂದು ಗಾಬರಿಗೊಂಡನು. ಕಲೆಗಾರನು ತನ್ನ ಮನೆಮಾರು ಬಿಟ್ಟು ಬೇರೊಂದು ನೆಲದಲ್ಲಿ ಕೆಲಕಾಲ ನೆಲೆಸಿ, ಅಲ್ಲಿ ಕಂಡುದನ್ನು ಕೃತಿಯಾಗಿಸುವುದೇ ಅದರ ಅರ್ಥವೆಂದು ನಾನು ತಿಳಿಯಹೇಳಬೇಕಾಯಿತು. ಬಿ.ಎ. ಓದುತ್ತಿರುವವರು ಊರಿನಲ್ಲಿ ಮೂವರಿದ್ದೇವೆ. ರಜೆಯಲ್ಲಿ ಮನೆಯಲ್ಲಿದ್ದವನು ನಾನೊಬ್ಬನೇ. ಆದುದರಿಂದ ಅತಿಥಿಗಳಿಗೆ ದಾರಿ ತೋರುವ, ಅವರ ಇಂಗ್ಲಿಷನ್ನು ಊರವರಿಗೂ ಊರವರ ಮಾತನ್ನು ಅವರಿಗೂ ದಾಟಿಸುವ ಕೆಲಸ ನನ್ನ ಪಾಲಿಗೆ ಬಂದಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗನಾದ ನನಗೆ ಅದರಿಂದ ಸ್ವಲ್ಪ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಅವರು ಅಭ್ಯಸಿಸಲು ಬಂದ ವಿಷಯ 'ಸಮುದಾಯಕ್ಕೂ ನೀರಿಗೂ ಇರುವ ಸಂಬಂಧ'. ಅದಕ್ಕೆ ನಮ್ಮ ಕೋಲಾರ ಜಿಲ್ಲೆಯನ್ನು ಆರಿಸಿದ್ದು ಉಚಿತವೇ ಸರಿ. ವರ್ಷವೆಲ್ಲ ತಾನಾಗಿ ಹರಿಯುವ ನದಿ ನಮಗಿಲ್ಲ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುವಂತೆ, ಸರಕ್ಕೆ ಮಣಿ ಪೋಣಿಸಿದ ಹಾಗೆ ಹಿಂದಿನವರು ಕಟ್ಟಿಹೋದ ಕೆರೆಗಳೇ ನಮ್ಮ ನದಿಗಳು. ಅತಿಥಿಗಳು ಬೆಳಗ್ಗೆ ಏರಿಯ ಮೇಲೆ ನಡೆದರು, ಹಕ್ಕಿಗಳ ದನಿಯನ್ನು ಯಂತ್ರದಲ್ಲಿ ಹಿಡಿದರು, ಮುದುಕಿಯರಿಂದ ಗಂಗಮ್ಮನ ಹಾಡು ಹೇಳಿಸಿದರು, ಕೊನೆಯ ವಾರ ಏರಿಯುದ್ದಕ್ಕೂ ನೀಲಿ ಬಟ್ಟೆ ಕಟ್ಟಿದರು. ಬಟ್ಟೆ ಚೆನ್ನಾಗಿತ್ತು. ಮಾರನೆಯ ದಿನ ಅದರಲ್ಲಿ ಅರ್ಧದಷ್ಟು ಕಾಣೆಯಾದುದು ಬೇರೆ ಮಾತು.

ಒಂದು ಸಂಗತಿ ಮಾತ್ರ ಅವರನ್ನು ತುಸು ಪೆಚ್ಚಾಗಿಸಿತು. ಕೆರೆಯಲ್ಲಿ ಆಗ ತುಂಬಿದ್ದ ನೀರು ಮಳೆಯದಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಶುದ್ಧಿಗೊಂಡು, 2018ರ ಜೂನ್‌ನಿಂದ ಕೊಳವೆಗಳ ಮೂಲಕ ನಮ್ಮ ಜಿಲ್ಲೆಗೆ ಬರುತ್ತಿದೆ. ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ಒಂದರಿಂದ ಮತ್ತೊಂದಕ್ಕೆ ಹರಿಯುತ್ತದೆ. ದಿನಕ್ಕೆ 44 ಕೋಟಿ ಲೀಟರು ಎಂಬುದು ಯೋಜನೆಯ ಲೆಕ್ಕ. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಬೇಕೆಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಒಣಗಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತನು ಆ ವಾದಕ್ಕೆ ಸುಲಭವಾಗಿ ಕಿವಿಗೊಡಲಾರನು. ಹಾಗೆಂದು ಆ ನೀರಿನಲ್ಲಿ ಬಾಯಿ ಮುಕ್ಕಳಿಸಲೂ ಅವನು ಸಿದ್ಧನಿಲ್ಲ. ಹಳ್ಳಿಯ ನೀರನ್ನು ಕಾಣಲು ಬಂದವರು ತಮ್ಮ ಬಚ್ಚಲಿನ ನೀರನ್ನೇ ಕಂಡು ಚಿತ್ರ ಬರೆಯುತ್ತಿದ್ದಾರೆಂದು ಹುಡುಗರು ನಕ್ಕರು. ಅತಿಥಿಗಳೂ ನಕ್ಕರು. ಅದು ಅವರ ದೊಡ್ಡ ಗುಣ.

ನನ್ನ ತಕರಾರು ಇರುವುದು 'ಸಮುದಾಯ' ಎಂಬ ಮಾತಿನ ಬಗ್ಗೆ.

ನಮ್ಮ ತಾತ ಈ ಕೆರೆಯ ನೀರಗಂಟಿಯಾಗಿದ್ದನು. ತೂಬೆಂದರೆ ಏರಿಯ ಒಳಮಗ್ಗುಲಲ್ಲಿ ನಿಂತ ಎರಡು ಕಲ್ಲುಕಂಬಗಳು, ಅವುಗಳ ಮೇಲೆ ಅಡ್ಡಕಲ್ಲು, ನಡುವೆ ಇಳಿದ ಗಳು, ಆ ಗಳುವಿನ ತುದಿಯಲ್ಲಿ ತೂಬಿನ ಕಂಡಿಗೆ ಬಿಗಿದ ಬೆಣೆ. ಗಳುವನ್ನು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತಿನಲ್ಲಿ ನೀರು ಮುಟ್ಟುವುದೆಂಬುದು ತಾತನ ಕೈಗೆ ಗೊತ್ತಿತ್ತು. ಕಂಡಿಗೆ ಕಸ ಕಟ್ಟಿಕೊಂಡರೆ ಮಾಗಿಯ ಚಳಿಯಲ್ಲೂ ಮುಳುಗಿ ತೆಗೆಯಬೇಕು. ಸುಗ್ಗಿಯಲ್ಲಿ ಕಣಗಳಿಗೆ ಹೋಗಿ ನಿಂತರೆ ಇಂತಿಷ್ಟು ಮೊರ ಭತ್ತ ಅವನ ಕೂಲಿ. ಕೆರೆ ಬತ್ತುವ ವರ್ಷ, ಯಾರ ಗದ್ದೆಗೆ ಮೊದಲು ನೀರು ಎಂಬ ಜಗಳದಲ್ಲಿ ಅವನ ಮಾತೇ ತೀರ್ಪು. ಇಷ್ಟೆಲ್ಲ ಇದ್ದ ಆ ಮನುಷ್ಯ, ತಾನು ಪ್ರಾಯದವನಿದ್ದಾಗ, ಊರ ನಡುವಿನ ಸೇದುವ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಬಾಯಾರಿದರೆ ದೂರದಲ್ಲಿ ಬೊಗಸೆ ಒಡ್ಡಿ ನಿಲ್ಲುವುದು, ಮೇಲಿನವರು ಸುರಿಯುವುದು. ಮಹಾಡಿನ ಚವದಾರ ಕೆರೆಯ ನೀರನ್ನು ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಬೊಗಸೆಯಲ್ಲಿ ಎತ್ತಿ ಕುಡಿದರೆಂದು ನಾವು ಇತಿಹಾಸದ ತರಗತಿಯಲ್ಲಿ ಓದಿ ಅಂಕ ಪಡೆದಿದ್ದೇವೆ. ಅದೇ ಬೊಗಸೆ ನಮ್ಮ ಮನೆಯಲ್ಲಿ ಬೇರೆ ಅರ್ಥದಲ್ಲಿ ಇತ್ತು.

ಏರಿಯ ಮೇಲೆ ಒಂದು ಸಂಜೆ ಕಲಾವಿದೆಯೊಬ್ಬರು, ತೂಬನ್ನು ಎತ್ತುತ್ತಿದ್ದವರು ಯಾರು ಎಂದು ಕೇಳಿದರು. ಜೊತೆಯಲ್ಲಿದ್ದ ಊರ ಹಿರಿಯರು, "ಎಲ್ಲ ನಮ್ಮೂರವರೇ, ಒಂದೇ ಮನೆಯವರ ಹಂಗೆ ಇದ್ವಿ" ಎಂದರು. ನಾನು ಅದನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ತಿರುಗಿಸಿದೆನು. ಆಕೆ ಸಂತೋಷದಿಂದ ಬರೆದುಕೊಂಡರು. ಅದಕ್ಕೆ ನನ್ನದೊಂದು ವಾಕ್ಯವನ್ನು ಸೇರಿಸಲು ನಾಲಗೆ ಏಳಲಿಲ್ಲ. ಭಾಷಾಂತರಕಾರನು ತನ್ನ ಮಾತು ಸೇರಿಸಬಾರದೆಂಬ ನಿಯಮ ಆ ಹೊತ್ತಿನಲ್ಲಿ ನನಗೆ ಬಹಳ ಅನುಕೂಲವಾಯಿತು.

ಹಾಗಾದರೆ ಇಂಥ ಕಲಾವಾಸಗಳೇ ಬೇಡವೇ? ಹಾಗೆ ಹೇಳುವವನು ನಾನಲ್ಲ. ನಮ್ಮ ಅಧ್ಯಾಪಕರೊಬ್ಬರು ಓದಲು ಕೊಟ್ಟ ಲೇಖನದಿಂದ ನನಗೆ ಛತ್ತೀಸಗಢದ ಕೊಂಡಗಾಂವ್‌ನ ವಿಚಾರ ತಿಳಿಯಿತು. ಮುಂಬಯಿಯ ಕಲಾವಿದೆ ನವಜೋತ್ ಅಲ್ತಾಫ್ ಅವರು 1990ರ ದಶಕದ ಕೊನೆಯಿಂದ ಆ ಬಸ್ತರ್ ಸೀಮೆಯಲ್ಲಿ, ಶಾಂತಿಬಾಯಿ, ರಾಜಕುಮಾರ್ ಮೊದಲಾದ ಅಲ್ಲಿನ ಕಲಾವಿದರೊಡನೆ ಕೂಡಿ ಕೈಪಂಪುಗಳ ಸುತ್ತ 'ನಲ್‌ಪಾರ್' ಎಂಬ ಕಟ್ಟೆಗಳನ್ನು ಕಟ್ಟಿದರು. ಅವುಗಳ ಗೋಡೆಗಳಲ್ಲಿ ಅಲ್ಲಿನವರ ಆಕೃತಿಗಳಿವೆ. ಆದರೆ ನನ್ನ ಕಣ್ಣು ನಿಂತದ್ದು ಬೇರೆಡೆ. ತುಂಬಿದ ಕೊಡವನ್ನು ನೆಲದಿಂದ ಒಮ್ಮೆಗೇ ತಲೆಗೆತ್ತುವುದು ಹೆಂಗಸರ ಬೆನ್ನಿಗೆ ಕಷ್ಟವೆಂದು ಕಂಡುಕೊಂಡು, ನಡುವೆ ಕೊಡ ಇಳಿಸಿಕೊಳ್ಳಲು ಎತ್ತರದ ತಾಣವನ್ನು ಅವರು ಇರಿಸಿದರು. ಚೆಲ್ಲಿದ ನೀರು ಕೆಸರಾಗದೆ ಹರಿದುಹೋಗುವಂತೆಯೂ ನೋಡಿಕೊಂಡರು. ನೀರು ಯಾರ ಕತ್ತಿನ ಮೇಲೆ ಮನೆಗೆ ಬರುತ್ತದೆಂದು ನೋಡಿದವರಿಗಲ್ಲದೆ ಆ ತಾಣ ಹೊಳೆಯುವುದಿಲ್ಲ. ಇಪ್ಪತ್ತು ವರ್ಷ ಕೊಡ ಹೊತ್ತ ನನ್ನ ತಾಯಿಗೆ ಆ ಚಿತ್ರವನ್ನು ತೋರಿಸಿದೆನು. ಆಕೆ ಕಲೆಯ ವಿಷಯ ಏನೂ ಹೇಳಲಿಲ್ಲ. ಆ ಕಟ್ಟೆ ಸೊಂಟದ ಮಟ್ಟಕ್ಕಿದೆಯೋ ಎದೆಯ ಮಟ್ಟಕ್ಕಿದೆಯೋ ಎಂದು ಕೇಳಿದಳು.

ನಮ್ಮೂರಿಗೆ ಬಂದವರು ಕೆಳಗಿನ ಬೀದಿಗೆ ಬಂದದ್ದು ಒಂದೇ ಸಲ, ಅದೂ ನಮ್ಮ ಮನೆಗೆ ಕಾಫಿಗೆಂದು. ತಪ್ಪು ಅವರೊಬ್ಬರದೇ ಅಲ್ಲ; ಯಾವ ಬೀದಿಯಲ್ಲಿ ನಡೆಸಬೇಕೆಂದು ನಿರ್ಧರಿಸುತ್ತಿದ್ದವನು ನಾನು. ಈಗ ತೂಬೂ ಮುಚ್ಚಿದೆ. ಬೆಂಗಳೂರಿನ ನೀರು ಅಂತರ್ಜಲಕ್ಕೆ ಇಂಗಲೆಂದು ಬರುವುದೇ ಹೊರತು ಗದ್ದೆಗೆ ಬಿಡಲೆಂದಲ್ಲ. ಕೆರೆ ತುಂಬಿದೆ, ನೀರಗಂಟಿಯ ಕೆಲಸವಿಲ್ಲ. ಗಳು ಎತ್ತುವ ಲೆಕ್ಕ ಬಲ್ಲವರಲ್ಲಿ ಉಳಿದಿರುವುದು ನಮ್ಮ ಅಜ್ಜಿಯೊಬ್ಬಳು. ಅವಳೂ ನೋಡಿ ಬಲ್ಲವಳೇ ಹೊರತು ಎತ್ತಿದವಳಲ್ಲ.

ಹೊರಡುವ ದಿನ ಆ ಕಲಾವಿದೆ ತೂಬಿನ ಚಿತ್ರವೊಂದನ್ನು ನನಗೆ ಕೊಟ್ಟುಹೋದರು. ಕಪ್ಪು ಮಸಿಯಲ್ಲಿ ಬರೆದುದು; ಕಲ್ಲಿನ ಬಿರುಕು ಕೂಡ ತಪ್ಪಿಲ್ಲ. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಎಲ್ಲ ಸರಿಯಾಗೈತೆ ಕಣಪ್ಪ. ನಿಮ್ಮ ತಾತ ನೀರಿಗೆ ಇಳೀತಿದ್ದದ್ದು ಈ ಮಗ್ಗುಲಿಂದ" ಎಂದು ಖಾಲಿ ಇದ್ದ ಜಾಗವನ್ನು ಬೆರಳಿನಿಂದ ತೋರಿಸಿದಳು. ಆ ಮಾತನ್ನೂ, ಅಂದು ಏರಿಯ ಮೇಲೆ ನಾನು ಸೇರಿಸದೆ ಉಳಿಸಿಕೊಂಡ ವಾಕ್ಯವನ್ನೂ ಆಕೆಗೆ ಬರೆದು ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.