ಗುರುವಾಗುವುದಕ್ಕೆ ತೆರುವ ಬೆಲೆ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಕಡಲೆಯ ಫಸಲು ಕೈಗೆ ಬಂದಾಗ ಮನೆಯ ಹಿರಿಯರು ಹಾಕುವ ಲೆಕ್ಕದಲ್ಲಿ ಬೀಜ, ಗೊಬ್ಬರ, ಸಾಲದ ಬಡ್ಡಿಗಳ ಜೊತೆಗೆ ಮತ್ತೊಂದು ಬಾಬು ಸೇರಿರುವುದುಂಟು: ಮಗಳ ಬಿ.ಎಡ್. ಓದು. ಶುಲ್ಕವೊಂದೇ ಅಲ್ಲ, ಧಾರವಾಡದಲ್ಲಿ ವಸತಿ, ಊಟ, ಪುಸ್ತಕಗಳ ವೆಚ್ಚವೂ ಉಂಟು. 2014ರ ನಿಯಮಾವಳಿಯಂತೆ 2015ರಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷದ್ದಾಯಿತು, ಗಳಿಕೆಗೆ ನಿಲ್ಲಬೇಕಾದ ಮಗಳು ಇನ್ನೊಂದು ವರ್ಷ ಕಾಯಬೇಕಾಯಿತು.

ಹಿಂದೆ ಈ ಲೆಕ್ಕ ಬೇರೆಯಾಗಿತ್ತು. ತರಬೇತಿಯ ಕಾಲದಲ್ಲಿ ಭಾವೀ ಶಿಕ್ಷಕನಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು 1854ರ ವುಡ್ ಸಾಹೇಬರ ಶಿಕ್ಷಣಪತ್ರವು ವಿಧಿಸಿತ್ತು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು (1834–1881) ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಬೆಳೆಸಿದರು. ಅದಕ್ಕೆ ಮೊದಲು ಬೇಕಾದದ್ದು ಕನ್ನಡ ಕಲಿಸಬಲ್ಲ ಶಿಕ್ಷಕರು. ಶಿಕ್ಷಕನನ್ನು ಸಿದ್ಧಗೊಳಿಸುವುದು ಅಂದು ಸರಕಾರದ ಹೊಣೆ. ಇಂದು ಬಹುಮಟ್ಟಿಗೆ ಮನೆಯ ಹೊರೆ. ದೇಶದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಖಾಸಗಿಯವೆಂದು 2012ರಲ್ಲಿ ನ್ಯಾಯಮೂರ್ತಿ ವರ್ಮಾ ಆಯೋಗವು ತೋರಿಸಿಕೊಟ್ಟಿತು.

ಹಣ ಹೋದರೂ ವಿದ್ಯೆ ಬಂದರೆ ಚಿಂತೆಯಿಲ್ಲ. ಅವಧಿಯನ್ನು ಹೆಚ್ಚಿಸಿದ ಉದ್ದೇಶವೂ ಸಾಧುವಾದುದೇ: ಇಪ್ಪತ್ತು ವಾರ ಶಾಲೆಯಲ್ಲಿ ಮಕ್ಕಳ ನಡುವೆ ಇದ್ದು ಕಲಿಯಬೇಕೆಂಬುದು ನಿಯಮ. ಆದರೆ ಬಾರದವರಿಗೂ ಹಾಜರಿ ಹಾಕುವ ಕಾಲೇಜುಗಳು ಇಲ್ಲವೆನ್ನುವಂತಿಲ್ಲ. ಹಿಂದಿನವರ ಪಾಠಟಿಪ್ಪಣಿಯನ್ನು ಅಂದವಾಗಿ ನಕಲು ಮಾಡಿದವರೂ ತೇರ್ಗಡೆಯಾಗುತ್ತಾರೆ. ಅಂಥಲ್ಲಿ ಎರಡು ವರ್ಷವೆಂದರೆ ಇಮ್ಮಡಿಯಾದ ಖರ್ಚು ಮಾತ್ರ.

ಇದರ ಫಲವನ್ನು ಉಣ್ಣುವವರು ಮಕ್ಕಳು. ಋಣಸಂಖ್ಯೆಗೆ ಋಣಸಂಖ್ಯೆ ಕೂಡಿದರೆ ಋಣವೇ ಏಕೆ ಬೆಳೆಯುತ್ತದೆಂದು ತಿಳಿಯದೆ ಕಲಘಟಗಿಯ ಹಳ್ಳಿಯ ಹುಡುಗನೊಬ್ಬ ಮಿಕಮಿಕ ನೋಡುತ್ತಿದ್ದಾನೆನ್ನಿ. “ನಿಮ್ಮಪ್ಪ ಸಾಲದ ಮೇಲೆ ಸಾಲ ತಂದರ ಏನಾಗತೈತಿ?” ಎಂದು ಕೇಳಬಲ್ಲ ಅಕ್ಕೋರು ಇದ್ದರೆ ಅವನ ಮುಖ ಅರಳುತ್ತದೆ. ಆ ಪ್ರಶ್ನೆ ಟಿಪ್ಪಣಿಯ ನಕಲಿನಿಂದ ಹುಟ್ಟದು. ಮಕ್ಕಳ ಮುಂದೆ ನಿಂತು, ತಪ್ಪಿ, ತಿದ್ದಿಸಿಕೊಂಡವರಿಗೇ ಅದು ಹೊಳೆಯುವುದು.

ಆದುದರಿಂದ ಮಕ್ಕಳನ್ನು ಬಿ.ಎಡ್.ಗೆ ಸೇರಿಸುವ ವಾಚಕರು ಕಟ್ಟಡವನ್ನು ನೋಡಿ ಮರುಳಾಗದಿರಲಿ. ಶುಲ್ಕದೊಡನೆ ಎರಡು ಮಾತು ಕೇಳಲಿ: ಇಲ್ಲಿ ಕಲಿಯುವವರು ಎಷ್ಟು ಪಾಠ ಮಾಡುತ್ತಾರೆ? ಹಿಂದಿನ ಬೆಂಚಿನಲ್ಲಿ ಕುಳಿತು ಅದನ್ನು ತಿದ್ದುವವರು ಯಾರು? ಸರಕಾರವೂ 1854ರ ಬುದ್ಧಿಯನ್ನು ನೆನೆದು ಬಡ ಮನೆಯ ಭಾವೀ ಶಿಕ್ಷಕರಿಗೆ ಸಾಕಷ್ಟು ವೇತನ ಕೊಡಲಿ. ಪೇಟೆಯಲ್ಲಿರುವ ನಮ್ಮ ಮಕ್ಕಳಿಗೆ ಕಲಿಸುವವರೂ ಇಂಥ ಕಾಲೇಜುಗಳಿಂದಲೇ ಬರುತ್ತಾರೆಂಬುದನ್ನು ಮರೆಯುವಂತಿಲ್ಲ.