ದೂರು ಬಂದಾಗ ಪಾತ್ರೆ ತೊಳೆಯಬೇಡಿ!



ಮದುವೆ ಊಟವೋ ಆಫೀಸಿನ ಆರ್ಡರೋ ಮುಗಿದ ರಾತ್ರಿ "ನಿಮ್ಮಲ್ಲಿ ಉಂಡವರಿಗೆ ವಾಂತಿ ಭೇದಿ ಶುರುವಾಗಿದೆ" ಎಂದು ಫೋನ್ ಬಂದರೆ, ನಮ್ಮಲ್ಲಿ ಬಹುಮಂದಿ ಮೊದಲು ಮಾಡುವ ಕೆಲಸವೇನು? ಉಳಿದದ್ದನ್ನೆಲ್ಲ ಚೆಲ್ಲಿಸಿ, ಪಾತ್ರೆ ತೊಳೆಸಿ, ಅಡಿಗೆಮನೆಗೆ ಫಿನಾಯಿಲ್ ಹಾಕಿಸುವುದು. ಮಾರನೆಯ ದಿನ ಒಬ್ಬರು ಹಾಲಿನವನನ್ನು ದೂರುತ್ತಾರೆ, ಇನ್ನೊಬ್ಬರು ನೀರಿನ ಟ್ಯಾಂಕರನ್ನು, ಮತ್ತೊಬ್ಬರು ಬಿಸಿಲನ್ನು. ನಿಜವಾದ ಅಪರಾಧಿ ಆಗಲೇ ಮೋರಿ ಸೇರಿರುತ್ತದೆ. ಈ ಅಭ್ಯಾಸ ನಮಗೇ ಹಾನಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೈದರಾಬಾದಿನ ಸದಸ್ಯರು ದಿನವೂ ಓಡಾಡುವ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಹತ್ತಿರ, ಸರ್ ರೊನಾಲ್ಡ್ ರಾಸ್ ಅವರ ಹೆಸರಿನ ಕಟ್ಟಡವೊಂದಿದೆ. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ನಂಬಿದ್ದ ಕಾಲವೊಂದಿತ್ತು. ಆ ಪದದ ಅರ್ಥವೇ ಕೆಟ್ಟ ಗಾಳಿ. ರಾಸ್ ಸೇನಾ ವೈದ್ಯರು. 1895ರಲ್ಲಿ ಕಾಲರಾ ಹಾವಳಿಯ ಸಲುವಾಗಿ ನಮ್ಮ ಬೆಂಗಳೂರಿಗೂ ಬಂದಿದ್ದವರು. ಬೇಗಂಪೇಟೆಯಲ್ಲಿ ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು ಕಚ್ಚಿಸಿಕೊಂಡರು. ಆ ಸೊಳ್ಳೆಗಳನ್ನು ಹೊಡೆದು ಹಾಕದೆ, ದಿನಗಟ್ಟಲೆ ಜೋಪಾನ ಮಾಡಿ, 1897ರ ಆಗಸ್ಟ್ 20ರಂದು ಒಂದರ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಲೇರಿಯಾದ ಪರೋಪಜೀವಿ ಸಿಕ್ಕಿತು. 1902ರಲ್ಲಿ ನೊಬೆಲ್ ಬಂತು. ಅದು ಬ್ಯಾಕ್ಟೀರಿಯಾ ಅಲ್ಲ, ನಿಜ. ಆದರೆ ನಮಗೆ ಪಾಠ ಒಂದೇ: ಇಟ್ಟುಕೊಂಡವರಿಗೆ ಉತ್ತರ ಸಿಗುತ್ತದೆ, ಚೆಲ್ಲಿದವರಿಗೆ ಊಹೆ ಮಾತ್ರ ಉಳಿಯುತ್ತದೆ.

ಲ್ಯಾಬಿನಲ್ಲಿ ಏನು ಮಾಡುತ್ತಾರೆ? ಊಟದ ಸ್ಯಾಂಪಲನ್ನು ಕದಡಿ, ಅಗರ್ ಹಾಕಿದ ತಟ್ಟೆಯ ಮೇಲೆ ಹರಡಿ, ಬೆಚ್ಚಗಿಟ್ಟು ಬೆಳೆಸುತ್ತಾರೆ. ಈ ಅಗರ್ ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್. 1881ರ ಸುಮಾರಿಗೆ ಅದನ್ನು ಲ್ಯಾಬಿಗೆ ಸೂಚಿಸಿದ ಫ್ಯಾನಿ ಹೆಸ್ಸೆ ತಮ್ಮ ಅಡಿಗೆಮನೆಯಿಂದಲೇ ಆ ಉಪಾಯ ತಂದರು! ಬೆಳೆದದ್ದಕ್ಕೆ ಗ್ರಾಂ ಬಣ್ಣ ಹಾಕಿದರೆ ಕೆಲವು ನೇರಳೆ, ಕೆಲವು ನಸುಗೆಂಪು. ನೇರಳೆಯಾಗಿ, ದ್ರಾಕ್ಷಿ ಗೊಂಚಲಿನಂತೆ ದುಂಡಗೆ ಕಂಡರೆ ಸ್ಟ್ಯಾಫಿಲೊಕಾಕಸ್ ಎಂಬ ಸಂಶಯ. ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ನೊರೆ ಬಂದರೆ ಸಂಶಯ ಬಲವಾಗುತ್ತದೆ. ರಕ್ತದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿದರೆ ಬಹುಮಟ್ಟಿಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದೇ ಲೆಕ್ಕ. ಹೀಗೆ ಒಂದೊಂದು ಪರೀಕ್ಷೆಯೂ ಪಟ್ಟಿಯಿಂದ ಕೆಲವು ಹೆಸರುಗಳನ್ನು ಹೊಡೆದು ಹಾಕುತ್ತದೆ. ಸಾಲ್ಮೊನೆಲ್ಲಾಕ್ಕೆ ನಾಲ್ಕೈದು ದಿನವೂ ಬೇಕಾಗಬಹುದು.

ಹೆಸರು ಗೊತ್ತಾದರೆ ತಪ್ಪಿನ ಜಾಗ ಗೊತ್ತಾದಂತೆ. ಸ್ಟ್ಯಾಫಿಲೊಕಾಕಸ್ ಆದರೆ ಕೈ ನೋಡಿ: ಗಾಯದ ಬೆರಳಲ್ಲಿ ಪೇಡಾ ಕಟ್ಟಿದವರಾರು, ಚಟ್ನಿ ಕಲೆಸಿದವರಾರು? ಬ್ಯಾಸಿಲಸ್ ಸೀರಿಯಸ್ ಆದರೆ ಅನ್ನ ನೋಡಿ: ಇದರ ಬೀಜಕಣ ಬೇಯಿಸಿದರೂ ಸಾಯದು, ಬೆಳಿಗ್ಗೆ ಮಾಡಿ ಹೊರಗಿಟ್ಟ ಚಿತ್ರಾನ್ನದಲ್ಲಿ ಮಧ್ಯಾಹ್ನಕ್ಕೆ ಬೆಳೆದಿರುತ್ತದೆ. ಸಾಲ್ಮೊನೆಲ್ಲಾ ಆದರೆ ಮೊಟ್ಟೆ, ಕೋಳಿ, ಇ. ಕೋಲಿ ಆದರೆ ನೀರು, ಹಸಿ ತರಕಾರಿ. "ಮತ್ತೆ ಕುದಿಸಿ ಬಡಿಸಿದೆವಲ್ಲ" ಎನ್ನುವವರು ಗಮನಿಸಬೇಕು: ಕುದಿಸಿದರೆ ಸ್ಟ್ಯಾಫಿಲೊಕಾಕಸ್ ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ಆದ್ದರಿಂದ ಲ್ಯಾಬಿನವರಿಗೆ ವಿಷದ ಪರೀಕ್ಷೆಯನ್ನೂ ಕೇಳಬೇಕು.

"ಸ್ಯಾಂಪಲ್ ಇಟ್ಟರೆ ನಮ್ಮ ವಿರುದ್ಧವೇ ಸಾಕ್ಷಿ ಆಗುವುದಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಆಗಬಹುದು. ಆದರೆ ಸ್ಯಾಂಪಲ್ ಇಲ್ಲದಿದ್ದರೂ ದೂರು ನಿಲ್ಲದು. ಗಿರಾಕಿ ಆಸ್ಪತ್ರೆಗೆ ಹೋಗುತ್ತಾನೆ, ಅಲ್ಲಿ ಮಲಪರೀಕ್ಷೆಯಾಗುತ್ತದೆ, ಅಧಿಕಾರಿ ನಮ್ಮ ಅಡಿಗೆಮನೆಗೆ ಬರುತ್ತಾರೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಪರಿಹಾರ ಐದು ಲಕ್ಷ ರೂಪಾಯಿಗೆ ಕಡಿಮೆ ಇರುವಂತಿಲ್ಲ. ಆಗ "ನಮ್ಮ ಊಟ ಸರಿಯಿತ್ತು" ಎನ್ನಲು ನಮ್ಮ ಕೈಯಲ್ಲಿ ಏನಿರುತ್ತದೆ? ನಾವಿಟ್ಟ ಡಬ್ಬಿ ಅಧಿಕಾರಿ ತೆಗೆಯುವ ಸ್ಯಾಂಪಲಿಗೆ ಬದಲಿಯಲ್ಲ. ಆದರೆ ಬಡಿಸಿದ ಊಟ ಹೇಗಿತ್ತೆಂದು ಹೇಳಬಲ್ಲದ್ದು ಅದೊಂದೇ. ತಪ್ಪು ನಮ್ಮದೇ ಆಗಿದ್ದರೆ, ನಾಳೆ ಇನ್ನೊಬ್ಬರ ಮಗು ಅದೇ ಊಟ ಉಣ್ಣದಂತೆ ತಡೆಯುವುದೂ ಅದೇ.

2024ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಮೋಮೊ ತಿಂದು ಹಲವರು ಕಾಯಿಲೆ ಬಿದ್ದು ಒಬ್ಬ ಮಹಿಳೆ ತೀರಿಕೊಂಡ ಬಳಿಕ, ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮೇಯನೀಸನ್ನು ಇಡೀ ರಾಜ್ಯದಲ್ಲಿ ಒಂದು ವರ್ಷ ನಿಷೇಧಿಸಿತು. ಒಂದು ಅಡಿಗೆಮನೆಯ ತಪ್ಪಿಗೆ ಎಲ್ಲ ಅಂಗಡಿಗಳೂ ಉತ್ತರ ಕೊಡಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು:

1. ದೊಡ್ಡ ಆರ್ಡರಿನಲ್ಲಿ ಪ್ರತಿ ಪದಾರ್ಥದಿಂದ, ಬಡಿಸುವ ಹೊತ್ತಿಗೆ, ಸುಮಾರು 200 ಗ್ರಾಂ ತೆಗೆದು, ಕುದಿಯುವ ನೀರಲ್ಲಿ ಶುದ್ಧಮಾಡಿದ ಮುಚ್ಚಳದ ಡಬ್ಬಿಯಲ್ಲಿಡಿ. ಸೌಟೂ ಶುದ್ಧವಿರಲಿ.

2. ಡಬ್ಬಿಯ ಮೇಲೆ ಪದಾರ್ಥ, ದಿನಾಂಕ, ಸಮಯ, ಅಡಿಗೆಯವರ ಹೆಸರು ಬರೆಯಿರಿ.

3. ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ 72 ಗಂಟೆ ಇಡಿ. ಕೆಲವು ರೋಗಾಣುಗಳು ಲಕ್ಷಣ ತೋರಲು ಮೂರು ದಿನ ತೆಗೆದುಕೊಳ್ಳುತ್ತವೆ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಕೆಲವು ಸತ್ತು ಪರೀಕ್ಷೆಗೆ ಸಿಗುವುದಿಲ್ಲ.

4. ದೂರು ಬಂದರೆ ಏನನ್ನೂ ಚೆಲ್ಲದೆ ಅಧಿಕಾರಿಗೆ ತಿಳಿಸಿ, ಡಬ್ಬಿಯನ್ನು ಐಸಿನಲ್ಲಿಟ್ಟು ಎನ್.ಎ.ಬಿ.ಎಲ್. ಮಾನ್ಯತೆಯ ಲ್ಯಾಬಿಗೆ ಕಳಿಸಿ.

ಖರ್ಚು ಕೆಲವು ಡಬ್ಬಿ, ಫ್ರಿಜ್ಜಿನ ಒಂದು ಅಂಕಣ. ಮುಂದಿನ ಮಹಾಸಭೆಯಲ್ಲಿ ಇದನ್ನು ಸಂಘದ ನಿಯಮವಾಗಿ ಮಾಡಿಕೊಳ್ಳೋಣ. ಹೊರಗಿನವರು ಬಂದು ಕೇಳುವ ಮೊದಲು ನಾವೇ ನಮ್ಮ ಅಡಿಗೆಯನ್ನು ಪರೀಕ್ಷೆಗೆ ಒಡ್ಡುವುದರಲ್ಲೇ ನಮ್ಮ ಮರ್ಯಾದೆ ಇದೆ.